ದವಡೆ ದಪ್ಪಗಿದೆಯೇ? ಇಂಜೆಕ್ಷನ್‌ಗೆ ಮೊದಲು ಅಳತೆ ಮಾಡಿಸಿ

ಪ್ರಶ್ನೆ: ನನಗೆ 26 ವರ್ಷ, ಊರು ಚಿಂತಾಮಣಿ. ಎರಡು ಮೂರು ವರ್ಷದಿಂದ ಎರಡೂ ಕಡೆ ದವಡೆ ದಪ್ಪವಾಗುತ್ತಾ ಬಂದು ಮುಖ ಚೌಕವಾಗಿ ಕಾಣುತ್ತಿದೆ. ನೋವಿಲ್ಲ, ಆದರೆ ಬೆಳಗ್ಗೆ ಎದ್ದಾಗ ದವಡೆ ಬಿಗಿದಂತಿರುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುತ್ತೀಯ ಅಂತ ತಂಗಿ ಹೇಳುತ್ತಾಳೆ. ಅಮ್ಮ ಮಂಗನಬಾವು ಇರಬೇಕು ಅನ್ನುತ್ತಾರೆ, ಪಕ್ಕದ ಮನೆಯವರು ಬೋರ್‌ವೆಲ್ ನೀರಿನ ಫ್ಲೋರೈಡ್ ಅನ್ನುತ್ತಾರೆ. ಒಂದು ಕ್ಲಿನಿಕ್‌ನಲ್ಲಿ ಮುಟ್ಟಿ ನೋಡಿ, ‘ಸ್ನಾಯು ಬೆಳೆದಿದೆ, ಬೊಟಾಕ್ಸ್ ಹಾಕಿಸಿಕೊಳ್ಳಿ’ ಎಂದರು. ಎಷ್ಟು ಬೆಳೆದಿದೆ ಎಂದು ಅಳೆದು ಹೇಳಲು ಆಗುವುದಿಲ್ಲವೇ ಡಾಕ್ಟರೇ?

ಉತ್ತರ: ಆಗುತ್ತದೆ ಅಮ್ಮಾ. ಸ್ನಾಯುವನ್ನು ಸಡಿಲಗೊಳಿಸುವ ಆ ಬೊಟಾಕ್ಸ್ ಇಂಜೆಕ್ಷನ್ ಮಾತು ಬರುವುದಕ್ಕೆ ಮೊದಲೇ ಅಳತೆ ಆಗಬೇಕಿತ್ತು.

ಮನೆಯವರ ಎರಡು ಅನುಮಾನಗಳನ್ನು ಮೊದಲು ಬಗೆಹರಿಸೋಣ. ಮಂಗನಬಾವು ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ಇಳಿಯುತ್ತದೆ, ವರ್ಷಗಟ್ಟಲೆ ಉಳಿಯುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ನಿಜ. ಅದು ಕೆಡಿಸುವುದು ಹಲ್ಲನ್ನು, ಮೂಳೆಯನ್ನು. ದವಡೆಯ ಸ್ನಾಯು ಅದರಿಂದ ದಪ್ಪವಾಗುವುದಿಲ್ಲ. ನಿಮ್ಮ ಹಲ್ಲಿನ ಮೇಲೆ ಕಂದು ಕಲೆ ಇದ್ದರೆ ಅದು ಹಲ್ಲು ಮೂಡುವ ಬಾಲ್ಯದಲ್ಲಿ ಕುಡಿದ ನೀರಿನದಿರಬಹುದು. ಹಲ್ಲಿನ ತುದಿ ಚಪ್ಪಟೆಯಾಗಿ ಸವೆದಿದ್ದರೆ ಅದು ಬೇರೆ, ರಾತ್ರಿ ಕಡಿಯುವ ಅಭ್ಯಾಸದ ಗುರುತು. ದಂತವೈದ್ಯರು ಎರಡನ್ನೂ ಬೇರ್ಪಡಿಸಿ ನೋಡಬೇಕು.

ಕೆನ್ನೆಯ ಮೂಳೆಯಿಂದ ಕೆಳದವಡೆಯ ಮೂಲೆಗೆ ಇಳಿಯುವ ಅಗಿಯುವ ಸ್ನಾಯುವಿಗೆ ಮ್ಯಾಸೆಟರ್ ಎಂದು ಹೆಸರು. ಬೆರಳಿಟ್ಟು ಹಲ್ಲು ಕಚ್ಚಿ ನೋಡಿ: ಗಟ್ಟಿಯಾಗಿ ಉಬ್ಬಿದರೆ ಸ್ನಾಯು ಇರುವ ಸಾಧ್ಯತೆ ಹೆಚ್ಚು. ಕಿವಿಯ ಮುಂದಿರುವ ಪೆರೋಟಿಡ್ ಎಂಬ ಜೊಲ್ಲುಗ್ರಂಥಿ ಊದಿಕೊಂಡಿದ್ದರೆ ಕಚ್ಚಿದಾಗ ಹಾಗೆ ಬಿಗಿಯುವುದಿಲ್ಲ, ಎಷ್ಟೋ ಸಲ ಕಿವಿಯ ಹಾಲೆಯನ್ನೇ ಮೇಲಕ್ಕೆ ತಳ್ಳಿರುತ್ತದೆ. ಆದರೆ ಬೆರಳಿಗೆ ತಿಳಿಯುವುದು ಇಷ್ಟೇ. ಎಷ್ಟು ದಪ್ಪ, ಮೂರು ತಿಂಗಳ ಹಿಂದಿಗಿಂತ ಹೆಚ್ಚೋ ಕಡಿಮೆಯೋ ಎಂಬುದನ್ನು ಬೆರಳು ನೆನಪಿಟ್ಟುಕೊಳ್ಳುವುದಿಲ್ಲ.

ಅದಕ್ಕೆ ನಾನು ಮೊದಲು ಬರೆದುಕೊಡುವುದು ಅಲ್ಟ್ರಾಸೌಂಡ್. ವಿಕಿರಣವಿಲ್ಲ, ಖರ್ಚು ಸಿ.ಟಿ., ಎಂ.ಆರ್.ಐ.ಗಿಂತ ಕಡಿಮೆ, ಕೆಲವೇ ನಿಮಿಷದ ಕೆಲಸ. ಪರದೆಯ ಮೇಲೆ ದವಡೆಯ ಮೂಳೆ ಬಿಳಿ ಗೆರೆಯಾಗಿ ಕಾಣುತ್ತದೆ. ಆ ಗೆರೆಯಿಂದ ಸ್ನಾಯುವಿನ ಹೊರ ಅಂಚಿನವರೆಗಿನ ದೂರವೇ ದಪ್ಪ. ಬಾಯಿ ಸಡಿಲ ಬಿಟ್ಟಾಗ ಒಮ್ಮೆ, ಬಲವಾಗಿ ಕಚ್ಚಿದಾಗ ಒಮ್ಮೆ, ಎರಡೂ ಪಕ್ಕ ಅಳೆಯಬೇಕು. ಆರೋಗ್ಯವಂತರಲ್ಲಿ ಸಡಿಲವಾಗಿದ್ದಾಗ ಸಾಮಾನ್ಯವಾಗಿ ಸುಮಾರು 9ರಿಂದ 13 ಮಿ.ಮೀ. ಇರುತ್ತದೆ, ಕಚ್ಚಿದಾಗ ಒಂದೆರಡು ಮಿ.ಮೀ. ಹೆಚ್ಚುತ್ತದೆ. ಇದಕ್ಕಿಂತ ಮೇಲಿದ್ದರೆ ಕಾಯಿಲೆ ಎಂದು ಎಲ್ಲರೂ ಒಪ್ಪಿದ ಗಡಿ ಇಲ್ಲ. ಗಂಡು, ಹೆಣ್ಣು, ಮೈಕಟ್ಟು, ಮುಖದ ಆಕಾರ ಎಲ್ಲದರ ಮೇಲೂ ಅದು ಬದಲಾಗುತ್ತದೆ. ಹಾಗಾಗಿ ಊರವರ ಸರಾಸರಿಗಿಂತ ನಿಮ್ಮದೇ ಹಿಂದಿನ ಅಳತೆ ನಿಮಗೆ ಹೆಚ್ಚು ಉಪಯೋಗ.

ಇಲ್ಲೇ ಒಂದು ಮಾತು ಒತ್ತಿ ಹೇಳಬೇಕು. ಉಪಕರಣವನ್ನು ಸ್ವಲ್ಪ ಒತ್ತಿ ಹಿಡಿದರೂ ಸಾಕು, ಸ್ನಾಯು ಚಪ್ಪಟೆಯಾಗಿ ಅಳತೆ ಇಳಿದುಬಿಡುತ್ತದೆ. ಓರೆಯಾಗಿ ಹಿಡಿದರೆ ಹೆಚ್ಚಾಗುತ್ತದೆ. ಜೆಲ್ ಧಾರಾಳವಾಗಿ ಹಾಕಿ ಹಗುರವಾಗಿ ಇಡಬೇಕು, ಪ್ರತಿ ಸಲವೂ ಅದೇ ಜಾಗ, ಮೂರು ಸಲ ಅಳೆದು ಸರಾಸರಿ. ಮೊದಲ ಸಲ ಮಲಗಿಸಿ ಅಳೆದಿದ್ದರೆ ಮುಂದೆಯೂ ಮಲಗಿಸಿಯೇ ಅಳೆಯಬೇಕು. ಒಂದು ಮಿಲಿಮೀಟರ್ ವ್ಯತ್ಯಾಸ ಕಂಡ ಕೂಡಲೇ ಚಿಕಿತ್ಸೆ ಫಲಿಸಿತು ಎನ್ನುವವರನ್ನು ನಂಬಬೇಡಿ. ಅದು ಕೈ ಬದಲಾದದ್ದರಿಂದಲೂ ಬರಬಹುದು. ‘ಮ್ಯಾಸೆಟರ್ ದಪ್ಪ, ಎರಡೂ ಪಕ್ಕ, ಸಡಿಲ ಮತ್ತು ಕಚ್ಚಿದ ಸ್ಥಿತಿ’ ಎಂದು ಚೀಟಿಯಲ್ಲೇ ಬರೆಸಿಕೊಳ್ಳಿ. ಬರೆಯದಿದ್ದರೆ ಎಷ್ಟೋ ಸಲ ‘ಗ್ರಂಥಿ ನಾರ್ಮಲ್’ ಎಂಬ ಒಂದು ಸಾಲಿನ ವರದಿ ಬರುತ್ತದೆ.

ಸ್ಕ್ಯಾನ್ ಜೊತೆಗೆ ಎದುರಿನಿಂದ ಫೋಟೋ ಇರಲಿ, ಪ್ರತಿ ಸಲ ಅದೇ ದೂರ, ಅದೇ ಬೆಳಕು. ದವಡೆಯ ಉಬ್ಬನ್ನು ಐದು ಹಂತಗಳಲ್ಲಿ ಗುರುತಿಸುವ ಪಟ್ಟಿಯೂ ಬಳಕೆಯಲ್ಲಿದೆ. ಇ.ಎಂ.ಜಿ. ಎಂಬ ಪರೀಕ್ಷೆ ತೋರಿಸುವುದು ಸ್ನಾಯುವಿನ ವಿದ್ಯುತ್ ಚಟುವಟಿಕೆ, ದಪ್ಪವಲ್ಲ. ದವಡೆಯ ಪೂರ್ಣ ಎಕ್ಸ್-ರೇ ಒಂದು ತೆಗೆಸಿ: ಮೂಲೆಯಲ್ಲಿ ಮೂಳೆಯೇ ಹೊರಚಾಚಿದ್ದರೆ ಯಾವ ಇಂಜೆಕ್ಷನ್ನೂ ಅದನ್ನು ಕರಗಿಸದು.

ಬೊಟಾಕ್ಸ್ ಬೇಡವೇ ಬೇಡ ಎನ್ನುವುದಿಲ್ಲ. ಸ್ನಾಯುವಿನ ಬಲ ಒಂದೆರಡು ವಾರದಲ್ಲೇ ಕುಗ್ಗುತ್ತದೆ, ದಪ್ಪ ಇಳಿಯಲು ಎರಡು ಮೂರು ತಿಂಗಳು ಬೇಕು. ಆಮೇಲೆ ಪರಿಣಾಮ ನಿಧಾನವಾಗಿ ಇಳಿದು, ಸ್ನಾಯು ಮತ್ತೆ ಬೆಳೆಯುತ್ತದೆ. ಅಗಿಯುವುದು ಕಷ್ಟವಾಗಬಹುದು, ನಗು ಸೊಟ್ಟಗಾಗಬಹುದು. ಬಸುರಿ, ಬಾಣಂತಿಯರಿಗೆ, ಮಯಸ್ತೇನಿಯಾದಂಥ ಸ್ನಾಯು ದೌರ್ಬಲ್ಯ ಇರುವವರಿಗೆ ಬೇಡ. ನಿಮ್ಮ ವಿಷಯದಲ್ಲಿ ಮೊದಲು ನೋಡಬೇಕಾದ್ದು ರಾತ್ರಿಯ ಹಲ್ಲು ಕಡಿತ. ಅದಕ್ಕೆ ನೈಟ್ ಗಾರ್ಡ್, ಅಂದರೆ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ, ಮಾಡಿಸಿಕೊಳ್ಳಿ. ಅದು ಹಲ್ಲನ್ನು ಕಾಯುತ್ತದೆ, ಸ್ನಾಯುವನ್ನು ಕರಗಿಸುತ್ತದೆ ಎಂಬ ಭರವಸೆ ಕೊಡಲಾರೆ. ಚ್ಯೂಯಿಂಗ್ ಗಮ್, ಅಡಿಕೆ ಅಗಿಯುವ ರೂಢಿ ಇದ್ದರೆ ಬಿಡಿ.

ಒಂದೇ ಪಕ್ಕ ಊದಿದ್ದರೆ ನನ್ನ ಸಲಹೆ ಬೇರೆಯೇ ಇರುತ್ತಿತ್ತು. ಹುಳುಕು ಹಲ್ಲು ಕೀಳಿಸಿ ಇನ್ನೊಂದೇ ಪಕ್ಕದಲ್ಲಿ ಅಗಿಯುವವರಿಗೂ ಹಾಗಾಗುತ್ತದೆ. ಆದರೆ ಗ್ರಂಥಿಯ ಗಡ್ಡೆ, ಹಲ್ಲಿನ ಕೀವು, ನಮ್ಮ ದೇಶದಲ್ಲಿ ಸ್ನಾಯುವಿನೊಳಗೆ ಲಾಡಿಹುಳದ ಮರಿ ಕೂತ ಚೀಲವೂ ಇರಬಹುದು. ಮುಖದ ಒಂದು ಭಾಗ ಜೋತುಬಿದ್ದರೆ, ಬಾಯಿ ಮೂರು ಬೆರಳಿನಷ್ಟು ತೆರೆಯದಿದ್ದರೆ, ಜ್ವರ ಬಂದರೆ ಅಳತೆಗೆಂದು ಕಾಯದೆ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು.