ಕೃತಜ್ಞತೆಯ ಸಾಲಿನಲ್ಲಿ ಹೆಸರು: ಕೊಪ್ಪಳದ ಓದುಗರಿಗೆ ಉತ್ತರ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎಂ.ಪಿ.ಎಚ್. (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮುಗಿಸಿ, ಒಂದು ಪ್ರಾಜೆಕ್ಟಿನಲ್ಲಿ ಗುತ್ತಿಗೆ ಮೇಲೆ ದುಡಿಯುತ್ತಿದ್ದೀರಿ. ಗಂಗಾವತಿ, ಕಾರಟಗಿ ಕಡೆಯ ಹಳ್ಳಿಗಳಲ್ಲಿ ಗರ್ಭಿಣಿಯರ ಹಿಮೋಗ್ಲೋಬಿನ್ ಅಳೆದಿದ್ದೀರಿ. ಈಗ ಸಂಶೋಧನಾ ಲೇಖನದ ಕರಡು ಬಂದಿದೆ, ನಿಮ್ಮ ಹೆಸರು ಲೇಖಕರ ಪಟ್ಟಿಯಲ್ಲಿಲ್ಲ, ಕೊನೆಯ ಕೃತಜ್ಞತೆಯ ಸಾಲಿನಲ್ಲಿದೆ. "ಜಗಳ ಮಾಡಲಾ, ಸುಮ್ನೆ ಬೆಂಗಳೂರಿಗೆ ಹೋಗಿಬಿಡಲಾ?" ಎಂದು ಕೇಳಿದ್ದೀರಿ.

ಸದ್ಯಕ್ಕೆ ಎರಡೂ ಬೇಡ.

ನನ್ನ ಕಣ್ಣು ನಿಂತಿದ್ದು ನಿಮ್ಮ ಸಿಟ್ಟಿನ ಮೇಲಲ್ಲ, ನೀವು ಹಾಗೇ ಹೇಳಿ ದಾಟಿಬಿಟ್ಟ ಒಂದು ಮಾತಿನ ಮೇಲೆ. ಭತ್ತದ ನಾಟಿ ಸಮಯ. ಹೆಂಗಸರು ಬುತ್ತಿ ಕಟ್ಟಿಕೊಂಡು ಗದ್ದೆಗೆ ಹೊರಡುವ ಮೊದಲೇ ಹಿಡಿಯಬೇಕು ಅಂತ ನಸುಕಿನಲ್ಲೇ ಹೋಗಿದ್ದಿರಿ. ಚಳಿಗೆ ಚುಚ್ಚಿದ ಬೆರಳಿನಿಂದ ರಕ್ತ ಸರಿಯಾಗಿ ಬರುತ್ತಿರಲಿಲ್ಲ. ಜೊತೆಯ ಹುಡುಗ ಬೆರಳನ್ನು ಗಟ್ಟಿಯಾಗಿ ಹಿಂಡುತ್ತಿದ್ದ, ನೀವು ತಡೆದಿರಿ. ಹಾಗೆ ಹಿಂಡಿದರೆ ಚರ್ಮದಡಿಯ ನೀರಿನಂಶ ಬೆರೆತು ರಕ್ತ ತೆಳುವಾಗುತ್ತೆ, ರೀಡಿಂಗ್ ಕಡಿಮೆ ಬರುತ್ತೆ. ಗರ್ಭಿಣಿಯರಿಗೆ ಸಾಮಾನ್ಯವಾಗಿ 100 ಮಿ.ಲೀ. ರಕ್ತಕ್ಕೆ 11 ಗ್ರಾಂ ಹಿಮೋಗ್ಲೋಬಿನ್ ಗೆರೆ, ಅದಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 11.2 ಇರಬೇಕಾದವಳು 10.6 ಆಗಿ ರಕ್ತಹೀನತೆಯ ಪಟ್ಟಿಗೆ ಬಿದ್ದುಬಿಡಬಹುದು. ಇದು ಕರಡಿನಲ್ಲಿ ಇದೆಯಾ? ನೀವು ಬರೆದಿಲ್ಲ. ಇರಲಾರದು ಅಂತ ನನ್ನ ಅಂದಾಜು.

ಇನ್ನು ಹೆಸರಿನ ವಿಷಯ. ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ವ್ಯಾಂಕೂವರಿನಲ್ಲಿ ಸೇರಿ ಶುರುಮಾಡಿದ ಸಮಿತಿಯೊಂದಿದೆ. ಲೇಖಕರಾಗಲು ಅದು ನಾಲ್ಕು ಷರತ್ತು ಇಟ್ಟಿದೆ: ಕೆಲಸದಲ್ಲಿ ಗಟ್ಟಿ ಪಾಲು, ಬರೆಯುವುದರಲ್ಲೋ ತಿದ್ದುವುದರಲ್ಲೋ ಪಾಲು, ಕೊನೆಯ ಕರಡಿಗೆ ಒಪ್ಪಿಗೆ, ಬರೆದದ್ದಕ್ಕೆ ಹೊಣೆ. ನಾಲ್ಕೂ ಬೇಕು. ಮಾಹಿತಿ ಸಂಗ್ರಹಿಸಿದ್ದು ಮೊದಲನೆಯದಕ್ಕೆ ಸೇರುತ್ತೆ, ಅದೊಂದೇ ಸಾಲದು. ಅಂದರೆ ನಿಮ್ಮನ್ನು ಲೇಖಕರ ಪಟ್ಟಿಯಿಂದ ಬಿಟ್ಟ ನಿಮ್ಮ ಸರ್ ಮಾಡಿದ್ದು ಪೂರ್ತಿ ತಪ್ಪಲ್ಲ. ಆದರೆ ಮೊದಲನೆಯದನ್ನು ದಾಟಿದವರಿಗೆ ಉಳಿದದ್ದನ್ನು ಮಾಡಲು ಅವಕಾಶ ಕೊಡಬೇಕು ಅಂತಲೂ ಅದೇ ಸಮಿತಿ ಹೇಳುತ್ತೆ. ನೀವು ಹಿಡಿಯಬೇಕಾದ್ದು ಇದನ್ನು.

ಒಂದು ಪುಟ ಬರೆಯಿರಿ. ಬೆರಳು ಹೇಗೆ ಚುಚ್ಚಿದಿರಿ, ಯಾವ ತಪ್ಪು ಕಂಡಿತು, ಯಾವತ್ತು ತಿದ್ದಿದಿರಿ. ತಿದ್ದುವ ಮೊದಲು ಎಷ್ಟು ರೀಡಿಂಗ್ ಹೋಗಿದ್ದವು ಅನ್ನೋದೂ ಬರಲಿ. ಇದರಿಂದ ಸರ್‌ಗೆ ಕಿರಿಕಿರಿ ಆಗಬಹುದು. ಆಗಲಿ, ಹೊಣೆ ಅಂದರೆ ಇದೇ ಅಲ್ವಾ? "ವಿಧಾನದ ಭಾಗಕ್ಕೆ ಇದು ಬೇಕಾಗಬಹುದು, ಕರಡು ತಿದ್ದಲು ನನಗೂ ಕೊಡಿ" ಎಂದು ಸೇರಿಸಿ ಮೇಲ್ ಮಾಡಿ. ಹಳ್ಳಿಗೆ ಹೋಗುವಾಗ ಜೀಪಿನಲ್ಲಿ ಬಾಯಿಮಾತಿಗೆ ಕೇಳಬೇಡಿ. ಜೀಪಿನ ಮಾತು ಜೀಪಿನಲ್ಲೇ ಇಳಿದುಹೋಗುತ್ತೆ.

ಹೊಸದಾಗಿ ಕೆಲಸಕ್ಕೆ ಸೇರಿದಾಗ ನನ್ನದೊಂದು ವರದಿ ಹಿರಿಯರೊಬ್ಬರ ಹೆಸರಲ್ಲಿ ಅಚ್ಚಾಯಿತು. ಮೂರು ದಿನ ಅವರ ಜೊತೆ ಮಾತು ಬಿಟ್ಟೆ. ನಾನು ಮುನಿಸಿಕೊಂಡಿದ್ದೇನೆ ಅಂತಲೇ ಅವರಿಗೆ ಗೊತ್ತಾಗಲಿಲ್ಲ!

ಬೆಂಗಳೂರಿನ ಮಾತು ಆಮೇಲೆ. ಅಲ್ಲಿ ಸಂಶೋಧನೆಗೆ ಒಳ್ಳೆ ಗೈಡ್ ಸಿಕ್ಕರೆ ಖಂಡಿತ ಹೋಗಿ. ಸಿಟ್ಟಿಗೆ ಹೋದರೆ ಮಾತ್ರ ಈ ಲೇಖನ ನಿಮ್ಮ ಕೈತಪ್ಪುತ್ತೆ, ಮುಂದಿನ ಕೆಲಸಕ್ಕೆ ತೋರಿಸಲು ನಿಮ್ಮ ಹತ್ತಿರ ಇರೋದು ಇದೊಂದೇ.

ಇನ್ನೊಂದು. ಆ ಪುಟವನ್ನು ನಿಮ್ಮ ಡೈರಿ ನೋಡಿಕೊಂಡೇ ಬರೆಯುತ್ತೀರಿ. ಅದರಲ್ಲಿ ಹೆಣ್ಣುಮಕ್ಕಳ ಹೆಸರು, ಓಣಿ ಇದ್ದರೆ ಮೇಲ್‌ಗೆ ಹಾಕಬೇಡಿ. ಕ್ರಮಸಂಖ್ಯೆ ಸಾಕು.