ಶಿವಮೊಗ್ಗದಿಂದ ಬೆಂಗಳೂರಿಗೆ ಹಾರುವಾಗ ಎಡಕಿಟಕಿಯೋ, ಬಲಕಿಟಕಿಯೋ?

ಪ್ರಶ್ನೆ: ನಾವು ದಾವಣಗೆರೆಯವರು. ನಮ್ಮ ತಾಯಿಗೆ 72 ವರ್ಷ. ಇದುವರೆಗೆ ವಿಮಾನ ಹತ್ತಿದವರಲ್ಲ. ನವೆಂಬರಿನಲ್ಲಿ ಅವರನ್ನು ಶಿವಮೊಗ್ಗದಿಂದ ಬೆಂಗಳೂರಿಗೆ ಹಗಲು ಹೊತ್ತಿನ ವಿಮಾನದಲ್ಲಿ ಕರೆದುಕೊಂಡು ಹೋಗಿ, ತಂಗಿಯ ಮನೆಯಲ್ಲಿ ಎರಡು ದಿನವಿದ್ದು, ಅದೇ ಮಾರ್ಗದಲ್ಲಿ ಮರಳಬೇಕೆಂದಿದ್ದೇವೆ. ಅವರ ತವರು ಚನ್ನಗಿರಿ ಸೀಮೆ. ಮೇಲಿನಿಂದ ಸೂಳೆಕೆರೆ ಕಾಣುತ್ತದೆಯೇ ಎಂದು ಈಗಲೇ ಕೇಳುತ್ತಿದ್ದಾರೆ. ದುರ್ಗದ ಕೋಟೆ, ಮಾರಿಕಣಿವೆ ಕಾಣಬಹುದೇ? ಯಾವ ಬದಿಯ, ಯಾವ ಸಾಲಿನ ಕಿಟಕಿ ಒಳ್ಳೆಯದು? ಮುಂದೊಮ್ಮೆ ಘಟ್ಟ ಮತ್ತು ಸಮುದ್ರ ತೋರಿಸಲು ಬೆಂಗಳೂರಿನಿಂದ ಮಂಗಳೂರಿಗೆ ಹಾರಿದರೆ ಹೇಗೆ?

ಉತ್ತರ: ಹೋಗುವಾಗ ಎಡಗಡೆಯ ಕಿಟಕಿ, ಬರುವಾಗಲೂ ಎಡಗಡೆಯದೇ ಕಿಟಕಿ. ಹೋಗುವಾಗ ಒಂದು ಬದಿ ಕುಳಿತರೆ ಬರುವಾಗ ಇನ್ನೊಂದು ಬದಿ ಕೂರಬೇಕೆಂದು ಬಹಳ ಮಂದಿ ಭಾವಿಸುತ್ತಾರೆ. ಹಾಗೆ ಮಾಡಿದರೆ ಎರಡು ಸಲವೂ ಒಂದೇ ಸೀಮೆಯನ್ನು ನೋಡಿದಂತಾಗುತ್ತದೆ, ಏಕೆಂದರೆ ವಿಮಾನ ತಿರುಗಿ ಬರುವಾಗ ಅದರ ಎಡಬಲಗಳೂ ತಿರುಗಿರುತ್ತವೆ.

ಸೋಗಾನೆಯ ನಿಲ್ದಾಣದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಅದು ಸುಮಾರು 240 ಕಿ.ಮೀ. ಉದ್ದವಿರುತ್ತದೆ, ಪೂರ್ವಕ್ಕೆ ಮುಖಮಾಡಿ ತುಸುವೇ ದಕ್ಷಿಣಕ್ಕೆ ವಾಲಿ, ಭದ್ರಾವತಿ, ಅಜ್ಜಂಪುರ, ಹುಳಿಯಾರು, ತುಮಕೂರುಗಳ ಆಸುಪಾಸಿನಲ್ಲಿ ಹಾಯ್ದುಹೋಗುತ್ತದೆ. ವಿಮಾನ ಈ ಗೆರೆಯ ಮೇಲೆಯೇ ಹಾರುತ್ತದೆಂದಲ್ಲ, ಸಂಚಾರ ನಿಯಂತ್ರಕರು ಅದನ್ನು ಹತ್ತಿಪ್ಪತ್ತು ಕಿಲೋಮೀಟರ್ ಅತ್ತಿತ್ತ ಸರಿಸಬಹುದು. ಆದರೆ ಬದಿಯನ್ನು ನಿರ್ಧರಿಸಲು ಇಷ್ಟು ಸಾಕು. ಚನ್ನಗಿರಿ, ಹೊಸದುರ್ಗ, ಹಿರಿಯೂರು, ಚಿತ್ರದುರ್ಗ, ಹೀಗೆ ನಿಮ್ಮ ತಾಯಿ ಹೆಸರು ಹಿಡಿದು ಗುರುತಿಸಬಲ್ಲ ಊರುಗಳೆಲ್ಲವೂ ಈ ಗೆರೆಯ ಉತ್ತರಕ್ಕಿವೆ. ಬೆಂಗಳೂರಿನ ಕಡೆಗೆ ಹೋಗುವವರಿಗೆ ಉತ್ತರವೆಂದರೆ ಎಡಗೈ ಬದಿ.

ಕಾಣುವುದು ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲವಾದರೆ ತಾಯಿಯವರಿಗೆ ನಿರಾಸೆಯಾಗುತ್ತದೆ. ಇಂಥ ಕಿರು ಪ್ರಯಾಣದಲ್ಲಿ ಪಂಖದಿಂದ ಹಾರುವ ಚಿಕ್ಕ ಎಟಿಆರ್ ವಿಮಾನ ಸಾಮಾನ್ಯವಾಗಿ ಐದು ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ ಹಾರುತ್ತದೆ. ಆ ಎತ್ತರದಿಂದ ಐದಾರು ಕಿಲೋಮೀಟರ್ ದೂರದ ಊರು ನಕ್ಷೆ ಬಿಡಿಸಿಟ್ಟಂತೆ ಕಾಣುತ್ತದೆ. ಮೂವತ್ತು ಕಿಲೋಮೀಟರ್ ಆಚೆಯದು ಓರೆಯಾಗಿ, ಚಪ್ಪಟೆಯಾಗಿ ಕಾಣುತ್ತದೆ. ಅಳೆಯಲು ಸುಲಭದ ಉಪಾಯವೊಂದಿದೆ: ಕೈಯನ್ನು ನೇರ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿ ಸುಮಾರು ಹತ್ತು ಡಿಗ್ರಿಯಷ್ಟು ಜಾಗವನ್ನು ಮರೆಮಾಡುತ್ತದೆ. ವಾಣಿವಿಲಾಸ ಸಾಗರ, ಅಂದರೆ ನೀವು ಕೇಳಿದ ಮಾರಿಕಣಿವೆ, ನಮ್ಮ ಗೆರೆಯಿಂದ ಸುಮಾರು ಮೂವತ್ತು ಕಿಲೋಮೀಟರ್ ಉತ್ತರಕ್ಕಿರುವುದರಿಂದ, ದಿಗಂತದಿಂದ ಒಂದು ಮುಷ್ಟಿಗಿಂತ ತುಸು ಕಡಿಮೆ ಕೆಳಗೆ ಅದನ್ನು ಹುಡುಕಬೇಕು. ವೇದಾವತಿಯನ್ನು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ತಡೆದು 1907ರಲ್ಲಿ ಪೂರ್ಣಗೊಳಿಸಿದ ಈ ಅಣೆಕಟ್ಟೆಯ ಹಿಂದೆ ನೀರು ಬೆರಳು ಬೆರಳಾಗಿ ಗುಡ್ಡಗಳ ಸಂದಿಗೆ ನುಗ್ಗಿರುವುದು ಮೇಲಿನಿಂದ ಮಾತ್ರ ಸರಿಯಾಗಿ ಅರ್ಥವಾಗುತ್ತದೆ. 1933ರ ಬಳಿಕ ಕೋಡಿ ಬೀಳದೆ 89 ವರ್ಷ ಕಾಯಿಸಿ, 2022ರಲ್ಲಿ ತುಂಬಿ ಹರಿದ ಜಲಾಶಯವದು. ಈ ಮಾರ್ಗದ ಎಡಕಿಟಕಿಯಲ್ಲಿ ನಾನು ಎಲ್ಲಕ್ಕಿಂತ ಮಿಗಿಲೆಂದು ಎಣಿಸುವ ನೋಟ ಇದೇ.

ಸೂಳೆಕೆರೆ ಇನ್ನೂ ದೂರ, ಗೆರೆಯಿಂದ ನಲವತ್ತು ಕಿಲೋಮೀಟರ್ ಹತ್ತಿರ. ಅದರ ನೇರಕ್ಕೆ ಬರುವ ವೇಳೆಗೆ ವಿಮಾನ ಇನ್ನೂ ಏರುತ್ತಿರುತ್ತದೆ. ಆದ್ದರಿಂದ ಕೆರೆ ದಿಗಂತದಿಂದ ಅರ್ಧ ಮುಷ್ಟಿಯೊಳಗೆ, ಬಯಲಿನ ಅಂಚಿನಲ್ಲಿ ಎಳೆದ ತೆಳುವಾದ ಬಿಳಿಗೆರೆಯಂತೆ ಕಂಡೀತು. ಶುಭ್ರ ಹವೆಯಿದ್ದರೆ ಮಾತ್ರ. ನೆಲ ಬಿಟ್ಟ ಐದಾರು ನಿಮಿಷಕ್ಕೇ ಅದರ ನೇರಕ್ಕೆ ಬಂದಿರುತ್ತೀರಿ. ನೀರು ಬಾಟಲಿ, ಕೈಚೀಲಗಳನ್ನೆಲ್ಲ ಮೊದಲೇ ಸರಿಮಾಡಿಟ್ಟು, ಏರಲು ಶುರುವಾದಾಗಿನಿಂದ ತಾಯಿಯವರು ಹೊರಗೇ ನೋಡುತ್ತಿರಲಿ. ವಿಮಾನ ಪಶ್ಚಿಮಕ್ಕೆ ಮುಖಮಾಡಿ ಏರಿ ಆಮೇಲೆ ತಿರುಗಿದರೆ ಮೊದಲ ಒಂದೆರಡು ನಿಮಿಷ ಎಡಬದಿಯಲ್ಲಿ ದಕ್ಷಿಣವೇ ಕಾಣುತ್ತದೆ, ಆಗ ಗಾಬರಿಯಾಗಬೇಕಿಲ್ಲ. ಚಿತ್ರದುರ್ಗದ ಬಗ್ಗೆ ನೇರವಾಗಿ ಹೇಳುತ್ತೇನೆ: ಅರವತ್ತು ಕಿಲೋಮೀಟರಿಗೂ ಮಿಕ್ಕಿದ ದೂರದಿಂದ ಕೋಟೆಯ ಸುತ್ತುಗೋಡೆಗಳು ಕಾಣುವುದಿಲ್ಲ. ಮಾರಿಕಣಿವೆಯ ಆಚೆ, ಅದಕ್ಕಿಂತ ಎಡಕ್ಕೆ, ನೀಲಿಬೂದು ಬಣ್ಣದ ಗುಡ್ಡಸಾಲು ಕಂಡರೆ ದುರ್ಗ ಆ ದಿಕ್ಕಿಗಿದೆ ಎಂದು ತೋರಿಸಬಹುದು, ಅಷ್ಟೇ.

ಇನ್ನು ಸಾಲಿನ ವಿಚಾರ. ಈ ಮಾರ್ಗದ ಸೇವೆ 2023ರ ಆಗಸ್ಟ್ 31ರಂದು ಎಟಿಆರ್ 72 ವಿಮಾನದಿಂದಲೇ ಆರಂಭವಾಯಿತು. ಟಿಕೆಟ್ ಕೊಳ್ಳುವಾಗ ವಿಮಾನದ ಮಾದರಿ ನಮೂದಾಗಿರುತ್ತದೆ, ಅದನ್ನು ಖಚಿತಪಡಿಸಿಕೊಳ್ಳಿ. ಎಟಿಆರ್‌ನಲ್ಲಿ ರೆಕ್ಕೆ ನಮ್ಮ ತಲೆಯ ಮೇಲಿರುತ್ತದೆ. ಕೆಳಗಿನ ನೆಲಕ್ಕೆ ಅದು ಅಡ್ಡ ಬರುವುದಿಲ್ಲ. ನೆಲ ನೋಡಬೇಕೆನ್ನುವವರಿಗೆ ದೊಡ್ಡ ಜೆಟ್‌ಗಿಂತ ಇದೇ ಮೇಲು ಎಂಬುದು ನನ್ನ ಅನುಭವದ ಮಾತು. ಅಡ್ಡ ಬರುವುದು ರೆಕ್ಕೆಗೆ ತೂಗುಬಿದ್ದ ಎಂಜಿನ್ ಮತ್ತು ಅದರ ಮುಂದೆ ತಿರುಗುವ ಪಂಖ. ಪಂಖದ ನೇರದ ಸಾಲುಗಳಲ್ಲಿ ಸದ್ದೂ ಹೆಚ್ಚು, ಅದುರುವಿಕೆಯೂ ಹೆಚ್ಚು. ಹಿರಿಯರನ್ನು ಅಲ್ಲಿ ಕೂರಿಸಬೇಡಿ. ರೆಕ್ಕೆ ದಾಟಿದ ಮೇಲಿನ ಹಿಂದಿನ ಸಾಲುಗಳನ್ನು ಆರಿಸಿಕೊಳ್ಳಿ. ಎಟಿಆರ್‌ಗೆ ಹತ್ತುವ ಬಾಗಿಲು ಹಿಂಬದಿಯಲ್ಲಿರುವುದರಿಂದ ತಾಯಿಯವರು ಒಳಗೆ ಹೆಚ್ಚು ನಡೆಯಬೇಕಾಗುವುದೂ ಇಲ್ಲ. ಒಂದೊಂದು ಬದಿಗೆ ಎರಡೆರಡೇ ಆಸನ. ಎ ಅಕ್ಷರದ್ದು ಎಡಕಿಟಕಿ, ಪಕ್ಕದ್ದು ನಿಮಗೆ.

ಬಿಸಿಲಿನ ಲೆಕ್ಕವೂ ಎಡಬದಿಯ ಪರವಾಗಿಯೇ ಇದೆ. ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುಭಾಗದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ಉಳಿದ ಕಾಲವೆಲ್ಲ ದಕ್ಷಿಣಕ್ಕೆ. ನವೆಂಬರಿನಲ್ಲಂತೂ ಚೆನ್ನಾಗಿಯೇ ದಕ್ಷಿಣಕ್ಕೆ ಸರಿದಿರುತ್ತಾನೆ. ಹೋಗುವಾಗ ಬಲಬದಿಯವರ ಕಣ್ಣಿಗೆ ಬೆಳಕು ಕುಕ್ಕಿ ಕಿಟಕಿಯ ಗೀರುಗಳೆಲ್ಲ ಹೊಳೆಯುತ್ತಿದ್ದರೆ, ಎಡಬದಿಯವರಿಗೆ ಬಿಸಿಲು ಬೆನ್ನ ಹಿಂದಿನಿಂದ ಬಿದ್ದು ಗದ್ದೆ, ತೋಟ, ಕೆರೆಗಳ ಬಣ್ಣ ನಿಚ್ಚಳವಾಗಿರುತ್ತದೆ. ಮಳೆಗಾಲದ ಮೋಡ ಸರಿದು, ಬೇಸಿಗೆಯ ದೂಳು ಇನ್ನೂ ಏಳದ ತಿಂಗಳನ್ನೇ ನೀವು ಆರಿಸಿದ್ದೀರಿ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಮಾತ್ರ ಬೆಂಗಳೂರಿನ ಕಡೆ ಎರಡು ಮೂರು ದಿನ ಮೋಡ ಮುಸುಕುವುದುಂಟು.

ಇಳಿಯುವ ಹೊತ್ತಿನಲ್ಲಿ ನಂದಿಬೆಟ್ಟವನ್ನು ಮರೆಯಬೇಡಿ. ನಿಲ್ದಾಣದ ಉತ್ತರಕ್ಕೆ ಇಪ್ಪತ್ತು ಕಿಲೋಮೀಟರಿನೊಳಗೇ 1,478 ಮೀಟರ್ ಎತ್ತರದ ಆ ಬಂಡೆ ನಿಂತಿದೆ. ದೇವನಹಳ್ಳಿಯ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಗಾಳಿ ಪೂರ್ವದಿಂದ ಬೀಸುತ್ತಿದ್ದರೆ ವಿಮಾನ ಪೂರ್ವಕ್ಕೆ ಮುಖಮಾಡಿ ನೇರ ಇಳಿಯುತ್ತದೆ, ನಂದಿ ನಿಮ್ಮ ಎಡಕ್ಕೇ ಸಿಗುತ್ತದೆ. ಚಳಿಗಾಲದಲ್ಲಿ ಪೂರ್ವದ ಗಾಳಿಯೇ ಹೆಚ್ಚು.

ಮರಳುವಾಗ ಅದೇ ಎಡಕಿಟಕಿ ದಕ್ಷಿಣಕ್ಕೆ ತೆರೆಯುತ್ತದೆ. ಬಿಸಿಲು ಕಣ್ಣಿಗೆ ಬಿದ್ದರೂ ಸಹಿಸಿಕೊಳ್ಳಿ. ಕೊನೆಯ ಹದಿನೈದು ನಿಮಿಷದಲ್ಲಿ ಬಾಬಾಬುಡನ್‌ಗಿರಿಯ ಸಾಲು ಎದ್ದು ನಿಲ್ಲುತ್ತದೆ, ಆಮೇಲೆ ಲಕ್ಕವಳ್ಳಿಯಲ್ಲಿ ಕಟ್ಟಿದ ಭದ್ರಾ ಜಲಾಶಯ ಕಾಡಿನ ನಡುವೆ ಬಹಳ ಹತ್ತಿರವಾಗಿಯೇ ಕಾಣುತ್ತದೆ. ದಾವಣಗೆರೆ, ಹರಿಹರದ ಗದ್ದೆಗಳಿಗೆ ನಾಲೆಯಲ್ಲಿ ಬರುವ ನೀರು ಇದೇ ಎಂದು ತಾಯಿಯವರಿಗೆ ಹೇಳಿ.

ಮಂಗಳೂರಿನ ಯೋಚನೆಯೂ ಒಳ್ಳೆಯದೇ. ಬೆಂಗಳೂರಿನಿಂದ ಅದು ಬಹುತೇಕ ನೇರ ಪಶ್ಚಿಮಕ್ಕಿದೆ, ಆದ್ದರಿಂದ ಉತ್ತರವೆಂದರೆ ಅಲ್ಲಿ ಬಲಬದಿ. ಬಿಸಿಲು ಹಿಂದಿನಿಂದ ಬೀಳುವುದೂ, ಕುದುರೆಮುಖದ ಶಿಖರ ಹತ್ತಿರ ಬರುವುದೂ ಆ ಬದಿಗೇ. ನೇತ್ರಾವತಿಯ ಅಳಿವೆ ನೋಡಬೇಕೆಂದರೆ ಎಡಬದಿ ಬೇಕು. ನನ್ನನ್ನು ಕೇಳಿದರೆ ಘಟ್ಟವನ್ನೇ ಆರಿಸುತ್ತೇನೆ, ಸಮುದ್ರವನ್ನು ಇಳಿದ ಮೇಲೂ ನೋಡಬಹುದು. ಅಲ್ಲಿಗೆ ಜೆಟ್ ವಿಮಾನವಾದರೆ ಸಾಲಿನ ಲೆಕ್ಕ ಬದಲಾಗುತ್ತದೆ. ಏರ್‌ಬಸ್ 320ರಲ್ಲಿ ರೆಕ್ಕೆ ಕೆಳಗಿದ್ದು ಸುಮಾರು ಹತ್ತರಿಂದ ಇಪ್ಪತ್ತನೆಯ ಸಾಲಿನವರೆಗೆ ನೆಲವನ್ನು ಮುಚ್ಚುತ್ತದೆ; ಅದರ ಹಿಂದೆ ಎಂಜಿನ್ನಿನ ಬಿಸಿಗಾಳಿಯಿಂದ ನೋಟ ನಡುಗುತ್ತದೆ. ಎಂಟನೆಯ ಸಾಲಿನೊಳಗೆ ಸಿಕ್ಕರೆ ಕೊಳ್ಳಿ. ಬೋಯಿಂಗ್ 737ರಲ್ಲಿ ಹವಾನಿಯಂತ್ರಣದ ಕೊಳವೆ ಹಾಯುವ ಕಡೆ, ಹತ್ತು ಹನ್ನೊಂದನೆಯ ಸಾಲಿನ ಆಸುಪಾಸಿನ ಆಸನಕ್ಕೆ ಕಿಟಕಿಯೇ ಇರುವುದಿಲ್ಲ. ಕಿಟಕಿಯ ದುಡ್ಡು ಕೊಟ್ಟು ಗೋಡೆ ನೋಡುವಂತಾಗಬಾರದು. ತುರ್ತು ನಿರ್ಗಮನದ ಸಾಲನ್ನೂ ಬಿಡಿ, ವಯಸ್ಸಾದವರನ್ನು ಅಲ್ಲಿ ಕೂರಗೊಡುವುದಿಲ್ಲ.

ಆಸನವನ್ನು ಟಿಕೆಟ್ ಜೊತೆಗೇ ಕಾದಿರಿಸಿ. ಎಡಕಿಟಕಿ ಒಂದೇ ಒಂದು ಸಿಕ್ಕಿ ನಿಮಗೆ ಬೇರೆ ಸಾಲು ಬಂದರೆ, ಹತ್ತಿದ ಕೂಡಲೇ ಪಕ್ಕದವರನ್ನು ಕೇಳಿ ಆಸನ ಬದಲಿಸಿಕೊಳ್ಳಿ. ಸೂಳೆಕೆರೆ ಯಾವುದೆಂದು ತೋರಿಸಲು ತಾಯಿಯವರ ಪಕ್ಕದಲ್ಲಿ ನೀವೇ ಇರಬೇಕು.