ಈಜಿಪ್ಟಿನ ‘ಕ್ಲಿಯೋಪಾತ್ರಾ ಸೂಜಿ’ ಲಂಡನ್ ತಲುಪಿದ್ದು ಹೇಗೆ?

ಥೇಮ್ಸ್ ದಡದ ಈ ಏಕಶಿಲಾ ಕಂಬಕ್ಕೆ ರಾಣಿ ಕ್ಲಿಯೋಪಾತ್ರಾಳ ಹೆಸರಿದ್ದರೂ, ಅದನ್ನು ಕಡೆಸಿದವನು ಅವಳಿಗಿಂತ ಸುಮಾರು 1,400 ವರ್ಷ ಹಿಂದಿನ ಫೇರೋ (ಈಜಿಪ್ಟಿನ ದೊರೆ) ಮೂರನೆಯ ಥುಟ್ಮೋಸ್. ಮೊದಲು ನಿಂತಿದ್ದು ಪ್ರಾಚೀನ ಈಜಿಪ್ಟಿನ ನಗರ ಹೀಲಿಯೊಪೊಲಿಸ್‌ನಲ್ಲಿ. ಅಲೆಕ್ಸಾಂಡ್ರಿಯಾಕ್ಕೆ ಸಾಗಿಸಿದವರು ರೋಮನ್ನರು. 1819ರಲ್ಲಿ ಈಜಿಪ್ಟಿನ ಆಡಳಿತಗಾರ ಮುಹಮ್ಮದ್ ಅಲಿ ಅದನ್ನು ಬ್ರಿಟನ್ನಿಗೆ ಉಡುಗೊರೆಯಾಗಿ ಕೊಟ್ಟ. ಸಾಗಣೆಯ ಖರ್ಚಿಗೆ ಹಿಂಜರಿದ ಸರ್ಕಾರ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಲ್ಲೇ ಬಿಟ್ಟಿತು!

ಕೊನೆಗೆ ವೈದ್ಯ ಎರಾಸ್ಮಸ್ ವಿಲ್ಸನ್ ಹಣ ಕೊಟ್ಟ ಮೇಲೆ, 1877ರಲ್ಲಿ ಕಂಬವನ್ನು ಕಬ್ಬಿಣದ ಸಿಲಿಂಡರಿನೊಳಗೆ ಸೇರಿಸಿ, ಹಡಗಿಗೆ ಕಟ್ಟಿ ಸಮುದ್ರದ ಮೇಲೆ ಎಳೆದರು. ಫ್ರಾನ್ಸ್, ಸ್ಪೇನ್ ಪಕ್ಕದ ಬಿಸ್ಕೆ ಕೊಲ್ಲಿಯ ಬಿರುಗಾಳಿಗೆ ಸಿಲಿಂಡರು ಸಿಕ್ಕಿಕೊಂಡಾಗ ಅದರಲ್ಲಿದ್ದ ಸಿಬ್ಬಂದಿಯನ್ನು ಕಾಪಾಡಲು ಹೋದ ಆರು ನಾವಿಕರು ಸತ್ತರು. ಅವರ ಹೆಸರುಗಳು ಪೀಠದ ಮೇಲಿವೆ. ಅಲೆಯುತ್ತಿದ್ದ ಸಿಲಿಂಡರು ಹೇಗೋ ಮುಳುಗದೆ ಉಳಿಯಿತು. 1878ರಲ್ಲಿ ಕಂಬ ಎದ್ದು ನಿಂತಿತು. ಪಕ್ಕದ, ಸಿಂಹದ ಮೈ ಮನುಷ್ಯನ ತಲೆಯ ಸ್ಫಿಂಕ್ಸ್‌ಗಳು ಮಾತ್ರ ಅಪ್ಪಟ ವಿಕ್ಟೋರಿಯನ್ (19ನೇ ಶತಮಾನದ ಬ್ರಿಟಿಷ್) ಕಾಲದವು.